ಕೋಡಿಯ ಮಠದ ಶಿಲಾಶಾಸನ

ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ಭಕ್ತಲೋಕವು ಭಾವಿಸುವ ಬಳ್ಳಿಗಾವೆಗೆ ಹೋದ ಸದ್ಭಕ್ತರು ಕೇದಾರೇಶ್ವರನ ತ್ರಿಕೂಟಾಲಯವನ್ನು ಕಂಡು, ಶಿಲ್ಪಿಯನ್ನು ಕೊಂಡಾಡಿ ಹಿಂದಿರುಗುತ್ತಾರೆ. ಶಾಸನವನ್ನು ಓದುವವರು ವಿರಳ. ಬಿಜ್ಜಳನ ಕಾಲದ, ಕ್ರಿ.ಶ. 1162ರ ಶಾಸನವೊಂದು ಆ ದೇವಾಲಯದ ಕೋಡಿಯ ಮಠವನ್ನು ವರ್ಣಿಸುತ್ತದೆ. ಮಠವು ಕಾಳಾಮುಖರದು, ಶರಣರದಲ್ಲ. ಆದರೂ ಕೇಳತಕ್ಕ ಮಾತು. ಅಲ್ಲಿ ಪಾಣಿನೀಯಾದಿ ವ್ಯಾಕರಣಗಳಿಗೂ ಷಡ್ದರ್ಶನಗಳಿಗೂ ವ್ಯಾಖ್ಯಾನ ನಡೆಯುತ್ತಿತ್ತು. ಕುರುಡರು, ಕಿವುಡರು, ಗಾಯಕರು, ನರ್ತಕರು, ನಾನಾ ದೇಶದ ಭಿಕ್ಷುಕರು, ಕ್ಷಪಣಕರು ಕೂಡ, ಎಲ್ಲರಿಗೂ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಸಕಲ ಭೂತಗಳಿಗೂ ಅದು ಅಭಯಸ್ಥಾನವಂತೆ!

ಕಲ್ಲು ಸ್ಥಾವರ, ಅದರಲ್ಲೇನಿದೆ ಎಂಬವರಿಗೆ ಇಲ್ಲೊಂದು ತೊಡಕುಂಟು. ಅನ್ನವಿಕ್ಕಿದ ಕೈಗಳು ಅಳಿದಿವೆ, ಪಾಠದ ದನಿ ಅಡಗಿದೆ. ಆ ದಾಸೋಹದ ಸುದ್ದಿಯನ್ನು ಇಂದಿಗೂ ಹೊತ್ತು ನಿಂತಿರುವುದು ಕಲ್ಲೇ. ಹೀಗಿರಲು, ಹಳ್ಳಿಹಳ್ಳಿಯ ಶಾಸನಗಳ ಅಕ್ಷರ ಮುಚ್ಚುವಂತೆ ಎಣ್ಣೆ, ಸುಣ್ಣ ಬಳಿಯುವುದು ಎಂಥ ಪೂಜೆ?