ತಂಪಿನ ಕಡೆಯ ಲೆಕ್ಕ

ದಕ್ಷತೆ ಎಂಬ ಮಾತನ್ನು ನಾವು ಸದ್ಗುಣದ ಹೆಸರಿನಂತೆ ಬಳಸುತ್ತೇವೆ. ಕಲ್ಲಿದ್ದಲಿನ ನೂರು ಪಾಲು ಶಾಖದಲ್ಲಿ ಸುಮಾರು 35 ಪಾಲು ಮಾತ್ರ ವಿದ್ಯುತ್ತಾಗುತ್ತದೆ ಎಂದು ಕೇಳಿದೊಡನೆ, ಮಿಕ್ಕಿದ್ದನ್ನು ಯಾರೋ ಪೋಲು ಮಾಡಿದರೆಂದು ಸಿಟ್ಟು ಬರುತ್ತದೆ. ಈ ಸಿಟ್ಟು ನ್ಯಾಯವಾದದ್ದೇ?

1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೋ ಉಗಿಯಂತ್ರವನ್ನು ಜಲಪಾತಕ್ಕೆ ಹೋಲಿಸಿದ. ನೀರು ಮೇಲಿನಿಂದ ಬಿದ್ದಾಗ ಚಕ್ರ ತಿರುಗುವ ಹಾಗೆ, ಶಾಖ ಬಿಸಿಯಿಂದ ತಂಪಿಗೆ ಇಳಿಯುವಾಗ ಕೆಲಸ ಹುಟ್ಟುತ್ತದೆ. ಹೋಲಿಕೆ ಪೂರ್ತಿ ಸರಿಯಲ್ಲ. ಬಿದ್ದ ನೀರಷ್ಟೂ ಕೆಳಗೆ ಸಿಗುತ್ತದೆ, ಶಾಖದ ಒಂದು ಪಾಲು ಮಾತ್ರ ಕೆಲಸವಾಗಿ ಮಾರ್ಪಡುತ್ತದೆ. ಇದನ್ನು 1850ರಲ್ಲಿ ಕ್ಲಾಸಿಯಸ್ ತಿದ್ದಿದ. ಆದರೆ ಮೂಲ ಮಾತು ಅಲುಗಲಿಲ್ಲ: ಬರೀ ಬೆಂಕಿಯಿಂದ ಯಂತ್ರ ತಿರುಗದು, ಎದುರಿಗೆ ತಂಪೂ ಬೇಕು. 540 ಡಿಗ್ರಿಯ ಉಗಿ, 30 ಡಿಗ್ರಿಯ ನೀರು ಇದ್ದರೆ, ಎಂಥ ಆದರ್ಶ ಯಂತ್ರವೂ ನೂರಕ್ಕೆ 63ನ್ನು ದಾಟಲಾರದು. 35ರಿಂದ 63ರವರೆಗಿನ ಅಂತರವನ್ನು ಎಂಜಿನಿಯರುಗಳು ಕಿರಿದುಮಾಡಲಿ, ಅದು ಅವರ ಧರ್ಮ. ಅದಕ್ಕೂ ಆಚೆಯ 37ರ ಬಗ್ಗೆ ಕೋಪಿಸಿಕೊಳ್ಳುವುದು, ಕಲ್ಲು ಕೆಳಗೇ ಬೀಳುತ್ತದಲ್ಲ ಎಂದು ಕೋಪಿಸಿಕೊಂಡಂತೆ.

ನನ್ನನ್ನು ಕಾಡುವುದು ಆ ತಂಪು. ನಮ್ಮ ಕಿವಿಗೆ ಬೀಳುವ ದಕ್ಷತೆಯ ಕಥೆಗಳೆಲ್ಲ ಬಿಸಿಯ ಕಡೆಯವು: ಸೂಪರ್‌ಕ್ರಿಟಿಕಲ್ ಬಾಯ್ಲರು, ಇನ್ನೂ ಹೆಚ್ಚಿನ ಒತ್ತಡ, ಇನ್ನೂ ಗಟ್ಟಿ ಲೋಹ. ತಂಪು ಮಾತ್ರ ಪುಕ್ಕಟೆ ಸಿಕ್ಕಿದ್ದು ಎಂಬ ಹಾಗೆ ಸೂತ್ರದ ಮೂಲೆಯಲ್ಲಿ ಕೂತಿರುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ ಆ ತಂಪಿನ ಹೆಸರು ಕೃಷ್ಣಾ ನದಿ. 1985ರಿಂದ ಅಲ್ಲಿ ವಿದ್ಯುತ್ ಹುಟ್ಟುತ್ತಿದೆ. ಶೈತ್ಯಗೋಪುರಗಳ ನೆತ್ತಿಯ ಬಿಳಿ ಮೋಡವನ್ನು ದೂರದಿಂದ ನೋಡಿದವರು ಹೊಗೆ ಎನ್ನುತ್ತಾರೆ. ಹೊಗೆಯಲ್ಲ, ಆವಿಯಾಗಿ ಹೋಗುತ್ತಿರುವ ಹೊಳೆ. ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ಇಂಥ ಹಳೆಯ ಸ್ಥಾವರಗಳಿಗೆ ವಿಧಿಸಿದ ಮಿತಿಯೇ ಯೂನಿಟ್ಟಿಗೆ ಮೂರೂವರೆ ಲೀಟರ್ ನೀರು. ಕರೆಂಟ್ ಬಿಲ್ಲಿನಲ್ಲಿ ಆ ಕಾಲಂ ಇಲ್ಲ.

ದಕ್ಷತೆ ಹೆಚ್ಚಿದರೆ ಹೊಳೆಗೂ ಲಾಭವೇ. 35 ಇದ್ದದ್ದು 40 ಆದರೆ, ಯೂನಿಟ್ಟಿಗೆ ಹೊರಗೆಸೆಯುವ ಶಾಖ ಸುಮಾರು ಐದನೇ ಒಂದು ಪಾಲು ಇಳಿಯುತ್ತದೆ. ಇಲ್ಲಿಯವರೆಗೆ ಸದ್ಗುಣ, ಲಾಭ ಎರಡೂ ಒಂದೇ ದಾರಿಯಲ್ಲಿವೆ. ತೊಡಕು ಇರುವುದು ಮುಂದೆ. ಉಗಿಯನ್ನು ನೀರಿನ ಬದಲು ಗಾಳಿಯಿಂದಲೇ ತಣಿಸಬಹುದು. ಜಾರ್ಖಂಡಿನ ಉತ್ತರ ಕರಣ್‌ಪುರದ ಸ್ಥಾವರ ಹಾಗೆಯೇ ನಡೆಯುತ್ತಿದೆ. ತಣಿಸಲು ಬೇಕಾದ ನೀರು ಬಹುಮಟ್ಟಿಗೆ ಉಳಿಯುತ್ತದೆ, ಆದರೆ ತಂಪು ಅಷ್ಟು ತಂಪಾಗಿರುವುದಿಲ್ಲ. ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ಇದ್ದರಂತೂ ದಕ್ಷತೆ ಕುಸಿಯುತ್ತದೆ, ಅಷ್ಟೇ ವಿದ್ಯುತ್ತಿಗೆ ಹೆಚ್ಚು ಕಲ್ಲಿದ್ದಲು ಉರಿಯುತ್ತದೆ. ಹೊಳೆಯನ್ನು ಉಳಿಸಿದ ಸ್ಥಾವರ ಕಾಗದದ ಮೇಲೆ ಸೋಮಾರಿಯಾಗಿ ಕಾಣುತ್ತದೆ.

ಈ ಎರಡರಲ್ಲಿ ಯಾವುದು ದಕ್ಷ? ಸೂತ್ರ ಉತ್ತರಿಸುವುದಿಲ್ಲ, ಅದಕ್ಕೆ ಗೊತ್ತಿರುವುದು ಎರಡು ಉಷ್ಣಾಂಶಗಳು ಮಾತ್ರ. ಕೆಳದಂಡೆಯಲ್ಲಿ ಭತ್ತ ಬೆಳೆಯುವವನು ಅದರಲ್ಲಿಲ್ಲ. ಹಾಗೆಂದು ಹೆಚ್ಚು ಉರಿದ ಕಲ್ಲಿದ್ದಲೇನೂ ನಿರಪರಾಧಿಯಲ್ಲ. ಅದರ ಹಾರುಬೂದಿಯನ್ನು ಉಸಿರಾಡುವವರು ಅದೇ ಸೀಮೆಯ ಜನ, ಅದರ ಇಂಗಾಲಕ್ಕೆ ಸೀಮೆಯೇ ಇಲ್ಲ. ಇಷ್ಟು ಗೊತ್ತಿದ್ದೂ ರಾಯಚೂರಿನ ಮಟ್ಟಿಗೆ, ಹೊಸದಾಗಿ ಕಟ್ಟುವುದಾದರೆ, ನಾನು ಕಡಿಮೆ ಅಂಕದ ಸ್ಥಾವರವನ್ನೇ ಆರಿಸುತ್ತೇನೆ. ಏಪ್ರಿಲ್ ತಿಂಗಳ ಕೃಷ್ಣೆಯಿಂದ ಹೆಚ್ಚು ಕೇಳಲು ನನಗೆ ಮನಸ್ಸು ಬಾರದು. ಕರಾವಳಿಯಲ್ಲಾದರೆ ತಣಿಸಲು ಸಮುದ್ರವಿದೆ, ಅಲ್ಲಿ ಮೀನುಗಾರರನ್ನು ಕೇಳಬೇಕು.