ಮಲ್ಲಿಗೆಗೆ ಎಷ್ಟು ನೀರು

ಯುಗಾದಿಗೆ ಇನ್ನೊಂದು ವಾರವಿರುವಾಗ ನಮ್ಮ ಬಾಡಿಗೆ ಮನೆಯ ತಾರಸಿಯ ಮೇಲಿನ ದುಂಡುಮಲ್ಲಿಗೆಯಲ್ಲಿ ಹನ್ನೊಂದು ಮೊಗ್ಗು ಎಣಿಸಿದೆ. ಜನವರಿಯಲ್ಲಿ ಅದನ್ನು ಗೇಣೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಗಳನ್ನೂ ತರಿದು, ಬರೀ ಕಡ್ಡಿಗಳ ಗುಂಪಾಗಿ ಬಿಟ್ಟಿದ್ದೆ. ಮಲ್ಲಿಗೆ ಹೂಬಿಡುವುದು ಹೊಸ ಚಿಗುರಿನಲ್ಲಿ, ಹಳೆಯ ಟೊಂಗೆಯನ್ನು ನೆಚ್ಚಿಕೊಂಡು ಕೂತರೆ ಹೂವಿಲ್ಲ. ಗೊತ್ತಿದ್ದರೂ ಕತ್ತರಿ ಹಿಡಿದಾಗ ಕೈ ಹಿಂಜರಿಯುತ್ತದೆ. ನನ್ನ ಪ್ರಬಂಧದ ಎರಡನೆಯ ಅಧ್ಯಾಯಕ್ಕೂ ಇಂಥದ್ದೇ ಕತ್ತರಿ ಬೇಕಾಗಿದೆ ಎಂದು ನನ್ನ ಮಾರ್ಗದರ್ಶಕರು ಹೇಳುತ್ತಲೇ ಇದ್ದಾರೆ, ಆ ಮಾತು ಬೇರೆ.

ವಸಂತ ಎಂದರೆ ನಾವು ಪುಸ್ತಕದಲ್ಲಿ ಓದಿದ ವಸಂತವೇ ಬೇರೆ, ವಿಜಯಪುರದ ವಸಂತವೇ ಬೇರೆ. ಜೆಕ್ ಲೇಖಕ ಕರೆಲ್ ಚಾಪೆಕ್ 1929ರಲ್ಲಿ ತೋಟಗಾರನ ವರ್ಷವನ್ನು ತಿಂಗಳು ತಿಂಗಳಾಗಿ ಬರೆದ. ಅವನ ಕಡೆ ವಸಂತವೆಂದರೆ ಹೆಪ್ಪುಗಟ್ಟಿದ ಮಣ್ಣು ಸಡಿಲಾಗುವ ಕಾಲ, ಬೀಜ ಊರುವ ಕಾಲ. ನಮ್ಮಲ್ಲಿ ಚೈತ್ರ ಬರುವಷ್ಟರಲ್ಲಿ ಎರೆ ಹೊಲ ಕಾಲು ಸಿಗುವಷ್ಟು ಬಿರುಕು ಬಿಟ್ಟಿರುತ್ತದೆ. ವರ್ಷವಿಡೀ ಸುರಿಯುವ ಮಳೆಯೇ 600 ಮಿಲಿಮೀಟರ್ ಆಸುಪಾಸು. ಬೇವು ಹೂಬಿಡುತ್ತದೆ, ಹುಣಸೆ ಚಿಗುರುತ್ತದೆ, ಅವಕ್ಕೆ ನಮ್ಮ ಹಂಗಿಲ್ಲ. ಮನೆ ಮುಂದಿನ ಗಿಡಗಳ ಕಥೆ ಹಾಗಲ್ಲ. ನಮ್ಮ ವಸಂತದ ತೋಟಗಾರಿಕೆಯೆಂದರೆ ಇರುವುದನ್ನು ಸಾಯದಂತೆ ನೋಡಿಕೊಳ್ಳುವುದು, ಅಷ್ಟೆ. ಹೊಸದನ್ನು ನೆಡುವವರು ಮಿರಗದ ಮಳೆಗೆ ಕಾಯುತ್ತಾರೆ.

ಆದರೂ ಅದರಲ್ಲೊಂದು ಸುಖವಿದೆ. ಬೆಳಿಗ್ಗೆ ಆರು ಗಂಟೆಗೆ, ತಾರಸಿ ಇನ್ನೂ ಅಂಗಾಲು ಸುಡದ ಹೊತ್ತಿನಲ್ಲಿ, ಒಂದು ಬಕೀಟು ಮತ್ತು ತಂಬಿಗೆ ಹಿಡಿದು ಏಳು ಕುಂಡಗಳ ಮುಂದೆ ಕೂರುವುದು. ಕುಂಡ ಎಂದು ಗೌರವಕ್ಕೆ ಹೇಳಿದೆ, ಅವುಗಳಲ್ಲಿ ನಾಲ್ಕು ಪೇಂಟಿನ ಡಬ್ಬಿಗಳು. ಮಣ್ಣಿನ ಮೇಲೆ ಶೇಂಗಾ ಸಿಪ್ಪೆ ಹರಡಿದ್ದೇನೆ. ಬಿಸಿಲು ನೇರವಾಗಿ ಮಣ್ಣು ಕುಡಿಯದಿರಲಿ ಎಂದು. ದೊಡ್ಡ ಎರಡು ಡಬ್ಬಿಗಳಲ್ಲಿ ಬೇರಿನ ಪಕ್ಕ ಸಣ್ಣ ಮಣ್ಣಿನ ಕುಡಿಕೆಗಳನ್ನು ಕುತ್ತಿಗೆಯವರೆಗೆ ಹೂತಿದ್ದೇನೆ. ಅವುಗಳಲ್ಲಿ ನೀರು ತುಂಬಿ ಬಾಯಿ ಮುಚ್ಚಿದರೆ ಗೋಡೆ ಬೆವರಿದಂತೆ ಜಿನುಗಿ ಬೇರಿಗಷ್ಟೇ ತಲುಪುತ್ತದೆ. ತಲೆ ಮೇಲಿಂದ ಸುರಿದ ನೀರಿನಲ್ಲಿ ಎಷ್ಟೋ ಪಾಲು ಆವಿಯಾಗಿ ಹೋಗುವ ಊರಿದು. ಒಣಮಣ್ಣಿಗೆ ಮೊದಲ ನೀರು ಬಿದ್ದಾಗ ಒಂದು ಸಣ್ಣ ಸದ್ದು ಬರುತ್ತದೆ, ಯಾರೋ ಉಸಿರೆಳೆದುಕೊಂಡಂತೆ. ಅದನ್ನು ಕೇಳಲಿಕ್ಕೆಂದೇ ನಾನು ಬೇಗ ಏಳುತ್ತೇನೆ ಎಂದರೆ ನಗಬೇಡಿ.

ಈ ಸುಖಕ್ಕೆ ಪೆಟ್ಟು ಬಿದ್ದದ್ದು ಕಳೆದ ವರ್ಷ ಏಪ್ರಿಲ್‌ನಲ್ಲಿ. ನಲ್ಲಿ ನೀರು ಬರುವ ದಿನಗಳ ನಡುವೆ ಅಂತರ ಹೆಚ್ಚಿತ್ತು. ತಾರಸಿಯ ಒಂದೇ ಟಾಕಿಯಿಂದ ಮೂರು ಮನೆಗೆ ನೀರು. ಒಂದು ಸಂಜೆ ಕೆಳಗಿನ ಮನೆಯ ಅಕ್ಕ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದವರು ನನ್ನ ತಂಬಿಗೆಯನ್ನೇ ನೋಡುತ್ತ ನಿಂತರು.

“ಏನ್ ತಂಗಿ, ನಿನ್ನ ಹೂವಿನ ಗಿಡಕ್ಕ ನೀರ ಐತಿ, ನಮ್ಮ ಹುಡುಗರ ಜಳಕಕ್ಕ ಇಲ್ಲ ನೋಡು.”

ಜಗಳದ ದನಿಯಲ್ಲ. ಅದಕ್ಕೇ ಉತ್ತರ ಹೊಳೆಯಲಿಲ್ಲ. ಎರಡು ವಾರ ನಾನು ಗಿಡಗಳಿಗೆ ನೀರು ಹಾಕಲಿಲ್ಲ. ಮಲ್ಲಿಗೆ ತಡೆದುಕೊಂಡಿತು. ದಾಸವಾಳ ಹೋಯಿತು, ಎರಡು ಗುಲಾಬಿ ಹೋದವು.

ತತ್ತ್ವಶಾಸ್ತ್ರ ಓದುವವರಿಗೆ ಇಂಥ ಹೊತ್ತಿನಲ್ಲಿ ಪುಸ್ತಕ ನೆನಪಾಗುವುದು ಒಂದು ಚಟ. ಪೀಟರ್ ಸಿಂಗರ್ 1972ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಪೂರ್ವ ಬಂಗಾಳದ ನಿರಾಶ್ರಿತರನ್ನು ಕಣ್ಣ ಮುಂದಿಟ್ಟುಕೊಂಡು, ಕೊಳದಲ್ಲಿ ಮುಳುಗುತ್ತಿರುವ ಮಗುವಿನ ಉದಾಹರಣೆ ಕೊಡುತ್ತಾರೆ. ನಿನ್ನ ಬಟ್ಟೆ ಕೆಸರಾಗುತ್ತದೆಂದು ಸುಮ್ಮನಿರುತ್ತೀಯಾ? ಇಲ್ಲವೆಂದಾದರೆ, ಅದರಷ್ಟೇ ತೂಕದ ಬೇರೇನನ್ನೂ ಬಲಿಕೊಡದೆ ತಪ್ಪಿಸಬಹುದಾದ ಕೇಡನ್ನು ತಪ್ಪಿಸಲೇಬೇಕು. ಈ ತಕ್ಕಡಿಯಲ್ಲಿ ನನ್ನ ಮಲ್ಲಿಗೆ ನಿಲ್ಲುವುದಿಲ್ಲ. ಇನ್ನೊಂದು ಕಡೆ ಕಾಂಟ್. 1790ರ ತನ್ನ ಮೂರನೆಯ ವಿಮರ್ಶೆಯಲ್ಲಿ ಅವನು ಹೂವನ್ನು ಸ್ವತಂತ್ರ ಸೌಂದರ್ಯದ ಉದಾಹರಣೆಯಾಗಿ ತರುತ್ತಾನೆ. ಹೂವು ಯಾತಕ್ಕಾಗಿ ಇದೆ ಎಂದು ಕೇಳದೆಯೇ ಅದು ಚೆಲುವೆನ್ನಿಸುತ್ತದೆ. ಮಾತೇನೋ ಚೆಂದ. ಆದರೆ ಇಲ್ಲಿ ಬರುವ ಹೂವಿಗೆ ನೀರು ಹೊತ್ತವರು ಯಾರು ಎಂಬ ಪ್ರಶ್ನೆ ಪುಟದ ಹೊರಗೇ ಉಳಿಯುತ್ತದೆ. ಇಬ್ಬರನ್ನೂ ಓದಿ ಮುಗಿಸಿದಾಗ ನನಗೆ ನೆನಪಾದದ್ದು ಕಳ್ಳಕವಟಗಿಯ ನಮ್ಮ ಆಯಿ.

ನಮ್ಮೂರು ತಿಕೋಟಾದ ಕಡೆಯದು, ಮಹಾರಾಷ್ಟ್ರದ ಗಡಿಗೆ ಹತ್ತಿರ. ಆ ಸೀಮೆಯಲ್ಲಿ ದ್ರಾಕ್ಷಿಯೆಂದರೆ ಮದುವೆ, ಓದು, ಸಾಲ ಎಲ್ಲವೂ. ವರ್ಷಕ್ಕೆರಡು ಚಾಟ್ನಿ, ಏಪ್ರಿಲ್‌ನದು ಬಳ್ಳಿಯ ಕಡ್ಡಿ ಬಲಿಯಲೆಂದು, ಅಕ್ಟೋಬರ್‌ನದು ಹಣ್ಣಿಗೆಂದು. ಅಂದರೆ ಬಿಸಿಲು ಏರುವ ಹೊತ್ತಿನಲ್ಲೇ ಬಳ್ಳಿ ಹೊಸದಾಗಿ ಚಿಗುರಬೇಕು, ನೀರು ಬೇಕೇ ಬೇಕು. 2016ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ಅಪ್ಪ ಸಾಲ ಮಾಡಿ ಟ್ಯಾಂಕರ್ ನೀರು ಕೊಂಡರು. ಟ್ಯಾಂಕರ್ ಬಂದು ಹೊಂಡಕ್ಕೆ ನೀರು ಬಿಡುವಾಗ ಮನೆಮಂದಿಯೆಲ್ಲ ದೇವರ ಮೆರವಣಿಗೆ ನೋಡಿದಂತೆ ನಿಲ್ಲುತ್ತಿದ್ದೆವು.

ಹಿತ್ತಲಿನಲ್ಲಿ ಬಚ್ಚಲಿಗೆ ಹೊಂದಿಕೊಂಡು ಆಯಿಯ ಮಲ್ಲಿಗೆ ಇತ್ತು. ಅವಳು ತನ್ನ ಜಳಕದ ನೀರು ಹರಿದುಹೋಗದಂತೆ ಒಂದು ಸಣ್ಣ ಕಾಲುವೆ ಮಾಡಿ ಬುಡಕ್ಕೆ ತಿರುಗಿಸಿದ್ದಳು, ಸಾಲದ್ದಕ್ಕೆ ಅಕ್ಕಿ ತೊಳೆದ ನೀರು. ಒಮ್ಮೆ ಹೊಲದಿಂದ ಬಂದ ಅಪ್ಪನಿಗೆ ಅದು ಕಣ್ಣಿಗೆ ಬಿತ್ತು. “ಯವ್ವಾ, ಅಲ್ಲಿ ಬಳ್ಳಿ ಒಣಗ್ಲಾಕತ್ತಾವ, ನೀ ಇಲ್ಲಿ ಹೂವಿಗಿ ನೀರ ಹಾಕ್ಕೋತ ಕುಂತಿ.” ಆಯಿ ತಲೆ ಎತ್ತಲಿಲ್ಲ. “ಇದು ನನ್ನ ಜಳಕದ ನೀರಪಾ. ನಿನ್ನ ಟ್ಯಾಂಕರಿಂದಲ್ಲ.”

ಆಗ ನನಗೆ ಅಪ್ಪನ ಮಾತೇ ಸರಿಯೆನ್ನಿಸಿತ್ತು. ಸಾಲದ ಲೆಕ್ಕ ನನಗೂ ಗೊತ್ತಿತ್ತು. ಈಗ ಬೇರೊಂದು ವಿಷಯ ಕಾಣುತ್ತದೆ. ದ್ರಾಕ್ಷಿಯೂ ಜೋಳದಂತೆ ಹೊಟ್ಟೆಯ ಬೆಳೆಯಲ್ಲ. ನಮ್ಮ ಮಣೂಕ ಯಾವುದೋ ಊರಿನ ಯಾರದೋ ಪಾಯಸಕ್ಕೆ ಬೀಳುವಂಥದ್ದು. ಅದೂ ಒಬ್ಬರ ಸುಖವೇ, ನಡುವೆ ದುಡ್ಡು ಬಂದದ್ದರಿಂದ ದುಡಿಮೆಯೆಂದು ಹೆಸರಾಯಿತು. ಟ್ಯಾಂಕರ್‌ಗಟ್ಟಲೆ ನೀರಿಗೆ ಯಾರೂ ‘ಇದು ಬೇಕೇ’ ಎಂದು ಕೇಳಲಿಲ್ಲ. ಒಂದು ಬಕೀಟು ಬಳಸಿದ ನೀರಿಗೆ ಕೇಳಿದರು.

ಅದೇ ಏಪ್ರಿಲ್‌ನಲ್ಲಿ ಗಡಿಯಾಚೆ ಇದೇ ಪ್ರಶ್ನೆ ಕೋರ್ಟ್ ಮೆಟ್ಟಿಲು ಹತ್ತಿತ್ತು. ಮಿರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಗುತ್ತಿದ್ದ ದಿನಗಳವು. ಕ್ರಿಕೆಟ್ ಮೈದಾನಗಳಿಗೆ ನೀರು ಸುರಿಯುವುದು ಸರಿಯೇ ಎಂಬ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್, ಏಪ್ರಿಲ್ ಕಳೆದ ಮೇಲಿನ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದ ಹೊರಗೆ ನಡೆಸಿ ಎಂದು ಆದೇಶಿಸಿತು. ನಾನು ಅದನ್ನು ಮೆಚ್ಚಿಕೊಂಡಿದ್ದೆ, ಈಗಲೂ ತಪ್ಪೆನ್ನುವುದಿಲ್ಲ. ಆದರೆ ಕಬ್ಬು ಕುಡಿಯುವ ನೀರಿನ ಮುಂದೆ ಮೈದಾನದ ನೀರು ಎಷ್ಟರದು ಎಂದು ಆಗಲೇ ಹಲವರು ಕೇಳಿದ್ದರು. ಕಬ್ಬನ್ನು ಯಾರೂ ಬೇರೆ ರಾಜ್ಯಕ್ಕೆ ಕಳಿಸಲಿಲ್ಲ. ಕಣ್ಣಿಗೆ ಕಾಣುವ ಸುಖವನ್ನು ಪ್ರಶ್ನಿಸುವುದು ಸುಲಭ, ಅದರಲ್ಲೂ ಸುಖಪಡುವವಳು ಹಿತ್ತಲಿನಲ್ಲಿ ಕೂತ ಮುದುಕಿಯಾದರೆ ಇನ್ನೂ ಸುಲಭ.

ನಾನಿರುವ ನಗರ ಇದನ್ನು ನಾಲ್ಕು ಶತಮಾನಗಳಿಂದ ಬಲ್ಲದು. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ತೆಗೆದು, ಇಳಿಜಾರಿನ ಬಲದಿಂದಲೇ ನಗರಕ್ಕೆ ನೀರು ಹರಿಸಿದರು. ಕರೇಜ್ ಎಂದರೆ ಇಲ್ಲಿ ಎಲ್ಲರಿಗೂ ಗೊತ್ತು. ಎರಡನೆಯ ಅಲಿ ಆದಿಲ್‌ಶಾಹನ ಆಸ್ಥಾನದ ಕವಿ ನುಸ್ರತಿ 1657ರಲ್ಲಿ ದಖನಿ ಭಾಷೆಯಲ್ಲಿ ಬರೆದ ಪ್ರೇಮಕಾವ್ಯದ ಹೆಸರೇ ‘ಗುಲ್ಶನ್-ಎ-ಇಷ್ಕ್’, ಪ್ರೇಮದ ಹೂದೋಟ. ಕಾವ್ಯದ ತೋಟ ಇಂದಿಗೂ ಉಳಿದಿದೆ. ಸುರಂಗದೊಳಗೆ ಬಗ್ಗಿ ಹೂಳು ತೆಗೆದವರ ಹೆಸರು ನಮಗೆ ಉಳಿದಿಲ್ಲ. ನಾನು ಓದುವ ಮಹಿಳಾ ವಿಶ್ವವಿದ್ಯಾಲಯವೂ ತೊರವಿಯಲ್ಲೇ ಇದೆ, ಅಕ್ಕಮಹಾದೇವಿಯ ಹೆಸರಿನದು. ಎಲ್ಲವನ್ನೂ ಬಿಟ್ಟು ನಡೆದ ಅಕ್ಕನ ಅಂಕಿತದೊಳಗೇ ಮಲ್ಲಿಗೆಯಿದೆ. 1973ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಎ.ಕೆ. ರಾಮಾನುಜನ್ ಆ ಮಲ್ಲಿಗೆಯ ಬಿಳುಪನ್ನೇ ಎತ್ತಿ ಹಿಡಿದರು. ಅದು ಸರಿಯಾದ ಅನುವಾದವೇ ಎಂದು ನಾವು ಸೆಮಿನಾರಿನಲ್ಲಿ ವಾದಿಸುತ್ತೇವೆ. ನನಗಂತೂ ಅದು ಬಿಟ್ಟವಳು ಬಿಡದೆ ಉಳಿಸಿಕೊಂಡದ್ದರಂತೆ ಕೇಳಿಸುತ್ತದೆ.

ಇಷ್ಟೆಲ್ಲ ಹೇಳಿ ನಾನು ಜಾರಿಕೊಳ್ಳುತ್ತಿದ್ದೇನೆಯೇ? ದೊಡ್ಡ ಪೋಲನ್ನು ಯಾರೂ ಕೇಳುವುದಿಲ್ಲ ಎಂಬುದು ನನ್ನ ಸಣ್ಣ ಪೋಲಿಗೆ ಸಮರ್ಥನೆಯಾಗದು. ಕೆಳಗಿನ ಮನೆಯ ಅಕ್ಕ ಕಬ್ಬಿನ ಬಗ್ಗೆ ಕೇಳಲಿಲ್ಲ, ನನ್ನ ತಂಬಿಗೆಯ ಬಗ್ಗೆ ಕೇಳಿದರು. ಆ ಟಾಕಿಯ ನೀರು ಅವರದೂ ಆಗಿತ್ತು. ಆಯಿ ಅಪ್ಪನಿಗೆ ಕೊಟ್ಟ ಉತ್ತರದಲ್ಲಿ ಹೂವಿನ ಚೆಲುವಿನ ಮಾತೇ ಇಲ್ಲ, ನೀರು ಯಾರದು ಎಂಬುದಷ್ಟೇ ಇದೆ. ಅಂಥ ಉತ್ತರ ನನ್ನ ಬಳಿ ಇರಲಿಲ್ಲ. ನಾನು ಕಳೆದುಕೊಂಡದ್ದು ಅದನ್ನೇ.

ಮರಳಿ ಗಳಿಸಲು ಹೊರಟರೆ ಅದೂ ಸುಲಭವಲ್ಲ. ಆಯಿ ಪಾತ್ರೆ ತಿಕ್ಕುತ್ತಿದ್ದದ್ದು ಬೂದಿಯಿಂದ, ಆ ನೀರು ಗಿಡಕ್ಕೆ ನಡೆಯುತ್ತಿತ್ತು. ನನ್ನ ಸಿಂಕಿನ ನೀರಿನ ತುಂಬ ಸೋಪು. ಶುದ್ಧೀಕರಣ ಯಂತ್ರ ಹೊರಬಿಡುವ ನೀರನ್ನು ಹಿಡಿದು ಹಾಕಿ ನೋಡಿದೆ. ಅದರಲ್ಲಿ ಉಪ್ಪಿನಂಶ ಹೆಚ್ಚು, ಎಲೆಗಳ ಅಂಚು ಸುಟ್ಟವು. ಕೊನೆಗೆ ಉಳಿದದ್ದು ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು, ಮತ್ತು ಸೋಪು ಹಚ್ಚುವ ಮೊದಲು ಮೈಮೇಲೆ ಸುರಿದುಕೊಂಡ ನಾಲ್ಕು ತಂಬಿಗೆ. ಅದಕ್ಕೆಂದು ಒಂದು ಅಗಲವಾದ ಬುಟ್ಟಿಯಲ್ಲಿ ನಿಂತು ಜಳಕ ಮಾಡುತ್ತೇನೆ. ಈ ನೀರು ಏಳು ಕುಂಡಕ್ಕೆ ಸಾಲುವುದಿಲ್ಲ, ಮೂರಕ್ಕೆ ಸಾಲುತ್ತದೆ. ಹಾಗಾಗಿ ಈ ವರ್ಷ ಮೂರೇ ಇವೆ: ಮಲ್ಲಿಗೆ, ಕರಿಬೇವು, ತುಳಸಿ. ಅಕ್ಕನಿಗೆ ಇದನ್ನೆಲ್ಲ ವಿವರಿಸಿ ಹೇಳಿದೆ. “ಅಷ್ಟೆಲ್ಲ ಯಾಕ ಮಾಡ್ಲಾಕತ್ತಿ, ನಾ ಸುಮ್ಮ ಅಂದಿದ್ನೆಲ್ಲ” ಎಂದು ನಕ್ಕರು. ಆಗಾಗ ಕರಿಬೇವು ಕಿತ್ತುಕೊಂಡು ಹೋಗುತ್ತಾರೆ.

ಯುಗಾದಿಗೆ ಊರಿಗೆ ಹೋಗಿದ್ದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ನಮ್ಮ ಭಾಗದ ಕೆರೆ, ಹಳ್ಳಗಳಿಗೆ ಬಂದ ಮೇಲೆ ಸುತ್ತಲ ಹೊಲಗಳ ಬಣ್ಣವೇ ಬದಲಾಗಿದೆ. ನಮ್ಮ ಬೋರ್‌ವೆಲ್ಲಿಗೂ ಜೀವ ಬಂದಿದೆ. ಆ ಖುಷಿಗೆ ಅಪ್ಪ ಟೈಲ್ಸ್ ಹಾಕಿದ ಹೊಸ ಬಚ್ಚಲು ಕಟ್ಟಿಸಿದರು. ಅದರ ನೀರು ಪೈಪಿನಲ್ಲಿ ನೇರ ಗಟಾರಕ್ಕೆ ಹೋಗುತ್ತದೆ. ಆಯಿ ತೀರಿಕೊಂಡು ಎರಡು ವರ್ಷ. 2016ನ್ನು ದಾಟಿದ ಮಲ್ಲಿಗೆ ನೀರು ಬಂದ ಊರಿನಲ್ಲಿ ಒಣಗಿ ನಿಂತಿತ್ತು. ಟೊಂಗೆ ಮುರಿದು ನೋಡಿದೆ, ಒಳಗೆಲ್ಲೂ ಹಸಿರಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಯಾರ ಲಕ್ಷ್ಯನೂ ಹೋಗಲಿಲ್ಲವಾ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಿನ್ನ ಕಡೆ ಇರೂದು ಇದರದ ಟೊಂಗಿ ಅಲ್ಲ?” ಎಂದು ಕೇಳಿದರು.

ಹೌದು, ಅದರದೇ. ಬಂದವಳೇ ಮೂರು ಕಡ್ಡಿ ಕತ್ತರಿಸಿ ಮಣ್ಣು, ಮರಳು ಬೆರೆಸಿದ ಡಬ್ಬಿಯಲ್ಲಿ ಊರಿ ನೆರಳಿಗಿಟ್ಟಿದ್ದೇನೆ. ಇದು ಕಡ್ಡಿ ನೆಡುವ ಕಾಲವಲ್ಲ, ಮಳೆಗಾಲಕ್ಕೆ ಕಾಯಬೇಕಿತ್ತು. ಒಂದು ಆಗಲೇ ಕಪ್ಪಾಗಿದೆ. ಉಳಿದೆರಡಕ್ಕೆ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ತಂಬಿಗೆ ಅಕ್ಕಿ ತೊಳೆದ ನೀರು ಹಾಕುತ್ತಿದ್ದೇನೆ.