ಕ್ರಮ ತಪ್ಪಿದ ಮದುವೆ

ವಂಶದ ಬೇರು ಹುಡುಕುತ್ತ ಹೋದವರಿಗೆ ಮುತ್ತಜ್ಜಿಯ ಹೆಸರಿನ ಮುಂದೆ ‘ಕ್ರಮ ತಪ್ಪಿದ ಮದುವೆ’ ಎಂದು ಕಂಡರೆ ಏನನ್ನಿಸೀತು? ಸ್ಕಾಟ್‌ಲೆಂಡಿನ ಹಳೆಯ ದಾಖಲೆಗಳ ಬಗ್ಗೆ ಓದುವಾಗ ಈ ಪ್ರಶ್ನೆ ನನ್ನನ್ನು ಕಾಡಿತು.

ಅಲ್ಲಿ 1940ರವರೆಗೂ ಗಂಡು ಹೆಣ್ಣು ಮನಸಾರೆ ಒಪ್ಪಿ ‘ನಾವು ಗಂಡ ಹೆಂಡತಿ’ ಎಂದು ಹೇಳಿಕೊಂಡರೆ ಕಾನೂನು ಅದನ್ನು ಮದುವೆಯೆಂದೇ ಒಪ್ಪುತ್ತಿತ್ತು. ಪಾದ್ರಿ ಬೇಕಿರಲಿಲ್ಲ. ಮುಂದೆ ಅವನು ಇಲ್ಲವೆಂದರೆ ಸಾಬೀತಿಗಿರಲೆಂದು ಇಬ್ಬರು ಸಾಕ್ಷಿಗಳಿದ್ದರೆ ಒಳ್ಳೆಯದು, ಅಷ್ಟೆ. ಚರ್ಚಿನ ಹಿರಿಯರ ಸಭೆ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅಂಥ ಜೋಡಿಯನ್ನು ಕರೆಸಿ, ಗದರಿಸಿ, ದಂಡ ಹಾಕಿ, ಅದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಿತ್ತು. ಸರ್ಕಾರಿ ನೋಂದಣಿ ಶುರುವಾದದ್ದು 1855ರಲ್ಲಿ. ಮುಂದೆ ಶೆರಿಫ್ ನ್ಯಾಯಾಧೀಶರ ಅನುಮತಿ ಪಡೆದು ಇಂಥ ಮದುವೆಗಳೂ ರಿಜಿಸ್ಟರಿಗೆ ಸೇರತೊಡಗಿದವು.

ವಿಚಿತ್ರ ನೋಡಿ, ನಾಚಿಕೆಪಡಿಸಲು ಬರೆದ ಸಾಲೇ ಎಷ್ಟೋ ಬಡ ಹೆಂಗಸರ ಹೆಸರನ್ನು ಉಳಿಸಿದೆ.

ಆದರೆ ಆಕೆ ಮೊಮ್ಮಕ್ಕಳಿಗೂ ಹೇಳದೆ ಹೋದ ಮಾತನ್ನು ನಾವು ಕೆದಕಬಹುದೆ?

ನಾನೂ ವರ್ಷಗಟ್ಟಲೆ ಹಾಜರಿ ಪುಸ್ತಕ ತುಂಬಿದವಳು. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹುಡುಗಿಗೂ ನಾನು ಹಾಕಿದ್ದು ‘ಗೈರುಹಾಜರಿ’ ಎಂದೇ. ಪುಸ್ತಕ ಸುಳ್ಳಾಡಲಿಲ್ಲ, ಅವಳ ಮಾತನ್ನೂ ಬರೆದುಕೊಳ್ಳಲಿಲ್ಲ.

ಆದ್ದರಿಂದ ಪುಟ ತೆರೆಯಬಹುದು ಎನ್ನಿಸುತ್ತದೆ. ತೆರೆದವರು ಇಷ್ಟು ನೆನಪಿಟ್ಟರೆ ಸಾಕು: ‘ಕ್ರಮ ತಪ್ಪಿದ’ ಎಂಬುದು ಬರೆದವನ ಮಾತು. ‘ಹೌದು, ಇವರು ನನ್ನ ಗಂಡ’ ಎಂಬುದು ಆಕೆಯದು.